ಅಂಚೆಚೀಟಿ ಶೀಟ್‌ಗಳನ್ನು ಆನ್‌ಲೈನ್ ಹರಾಜಿನಲ್ಲಿ ಮಾರುವುದು ಹೇಗೆ: ಹಿಂಬದಿಯಿಂದ ಶುರು ಮಾಡಿ

"ಸರ್, ಬ್ಯಾಕ್ ಫೋಟೊ ಹಾಕಿ." ಸ್ಟ್ಯಾಂಪ್ ಶೀಟ್ ಹರಾಜಿಗಿಟ್ಟ ಕೂಡಲೇ ಬರುವ ಮೊದಲ ಮೆಸೇಜ್ ಸಾಮಾನ್ಯವಾಗಿ ಇದೇ. ಬೆಲೆ ಆಮೇಲೆ. ಮುಂಭಾಗ ಎಷ್ಟೇ ಚೆಂದ ಇರಲಿ, ಹಿಂದಿನ ಗೋಂದು ಹಾಳಾಗಿದ್ದರೆ ಅಥವಾ ತೇವದ ಕಲೆ ಇದ್ದರೆ ಅನುಭವಿ ಸಂಗ್ರಾಹಕರು ಬಿಡ್ ಮಾಡುವುದಿಲ್ಲ. ಅಂಗಡಿಯಲ್ಲಾದರೆ ಶೀಟನ್ನು ತಿರುಗಿಸಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಆನ್‌ಲೈನ್‌ನಲ್ಲಿ ಆ ಅವಕಾಶ ಇಲ್ಲ. ಅವರು ನೋಡಬೇಕಾದ್ದನ್ನೆಲ್ಲ ನೀವೇ ತೋರಿಸಬೇಕು. ಈ ವ್ಯಾಪಾರದ ಮುಕ್ಕಾಲು ಪಾಲು ಕೆಲಸ ಅಷ್ಟೇ.

ತಾತನ ಟ್ರಂಕಿನಲ್ಲಿ ಶೀಟ್‌ಗಳ ಕಟ್ಟು ಸಿಕ್ಕವರಿಗೆ, ವರ್ಷಗಟ್ಟಲೆ ಅಂಚೆ ಕಚೇರಿಯಿಂದ ಕೊಂಡಿಟ್ಟು ಈಗ ಸ್ವಲ್ಪ ಖಾಲಿ ಮಾಡೋಣ ಅಂತಿರುವವರಿಗೆ ಈ ಬರಹ. ಮುಖ್ಯವಾಗಿ ಸ್ವತಂತ್ರ ಭಾರತದ ಶೀಟ್‌ಗಳ ಬಗ್ಗೆಯೇ ಹೇಳುತ್ತೇನೆ. ನಮ್ಮ ಕಡೆಯ ಮನೆಗಳಲ್ಲಿ ಜಾಸ್ತಿ ಸಿಗುವುದು ಅವೇ.

ಕೈಯಲ್ಲಿರುವುದು ಯಾವ ಶೀಟ್?

ಎಲ್ಲವನ್ನೂ "ಶೀಟ್" ಅಂತ ಕರೆದು ಲಿಸ್ಟಿಂಗ್ (ಫೋಟೊ, ವಿವರಣೆ ಇರುವ ಮಾರಾಟದ ಪ್ರಕಟಣೆ) ಹಾಕಿದರೆ ಗೊಂದಲವಾಗುತ್ತದೆ, ಆಮೇಲೆ ಜಗಳವೂ ಆಗುತ್ತದೆ. ಹಾಗಾಗಿ ಮೊದಲು ವಿಂಗಡಿಸಿ.

ಅಂಚೆ ಕಚೇರಿ ಕೌಂಟರ್‌ನಲ್ಲಿ ಸ್ಟ್ಯಾಂಪ್ ಹರಿದು ಕೊಡಲು ಇಟ್ಟುಕೊಂಡಿರುವ ದೊಡ್ಡ ಹಾಳೆಯೇ ಫುಲ್ ಶೀಟ್. ಒಂದೇ ಸ್ಟ್ಯಾಂಪ್ ಸಾಲು ಸಾಲಾಗಿ ಇರುತ್ತದೆ, ಸುತ್ತ ಖಾಲಿ ಅಂಚು ಇರುತ್ತದೆ. ಆ ಅಂಚಿನಲ್ಲಿ ಮುದ್ರಣದ ಪ್ರತಿ ಬಣ್ಣಕ್ಕೆ ಒಂದರಂತೆ ಸಣ್ಣ ಚುಕ್ಕೆಗಳು ಕಾಣಬಹುದು. ಸಂಗ್ರಾಹಕರು ಇದನ್ನು ಟ್ರಾಫಿಕ್ ಲೈಟ್ ಅಂತಾರೆ. ಶೀಟ್‌ಲೆಟ್ ಅಂದರೆ ಕಡಿಮೆ ಸ್ಟ್ಯಾಂಪ್‌ಗಳ ಚಿಕ್ಕ ಹಾಳೆ. ಇದರ ಅಂಚನ್ನು ಅಲಂಕರಿಸಿರುತ್ತಾರೆ, ಸಂಗ್ರಾಹಕರನ್ನು ಮನಸ್ಸಲ್ಲಿಟ್ಟುಕೊಂಡೇ ಮಾಡಿರುತ್ತಾರೆ. ಮಿನಿಯೇಚರ್ ಶೀಟ್ ಬೇರೆಯೇ. ಒಂದು ದೊಡ್ಡ ಚಿತ್ರದ ಒಳಗೆ ಒಂದೋ ನಾಲ್ಕೋ ಸ್ಟ್ಯಾಂಪ್ ಕೂತಿರುತ್ತವೆ. ಭಾರತದ ಮೊದಲ ಮಿನಿಯೇಚರ್ ಶೀಟ್ ಬಂದದ್ದು 1973ರಲ್ಲಿ, ದೆಹಲಿಯ ಇಂಡಿಪೆಕ್ಸ್ ಅಂಚೆಚೀಟಿ ಪ್ರದರ್ಶನದ ಹೊತ್ತಿಗೆ. ಹಾಗಾಗಿ ಅದಕ್ಕಿಂತ ಹಿಂದಿನ ಇಸವಿ ಹೇಳಿ ಯಾರಾದರೂ "ಭಾರತದ ಮಿನಿಯೇಚರ್ ಶೀಟ್" ಮಾರಲು ಬಂದರೆ ಹುಷಾರಾಗಿರಿ.

ಮೈ ಸ್ಟ್ಯಾಂಪ್ ಇನ್ನೊಂದು ಜಾತಿ. 2011ರ ಇಂಡಿಪೆಕ್ಸ್ ಸಮಯದಲ್ಲಿ ಅಂಚೆ ಇಲಾಖೆ ಶುರು ಮಾಡಿದ್ದು. ಸ್ಟ್ಯಾಂಪ್ ಪಕ್ಕದಲ್ಲಿ ನಮ್ಮ ಫೋಟೊ ಅಥವಾ ಒಂದು ಸಂಸ್ಥೆಯ ಚಿತ್ರ ಹಾಕಿಸಬಹುದು. ಯಾರದೋ ಮದುವೆ ಫೋಟೊ ಇರುವ ಮೈ ಸ್ಟ್ಯಾಂಪ್ ಶೀಟನ್ನು ಹೊರಗಿನವರು ಕೊಳ್ಳುವುದು ಕಷ್ಟ. ದೇವಸ್ಥಾನ, ರೈಲ್ವೆ, ಕಾಲೇಜಿನ ಶತಮಾನೋತ್ಸವ ಇಂಥ ವಿಷಯದ್ದಾದರೆ ಆಯಾ ವಿಷಯದ ಸಂಗ್ರಾಹಕರು ಖಂಡಿತ ಇದ್ದಾರೆ.

ಯಾವುದು ಅಂತ ಗೊತ್ತಾಗದಿದ್ದರೆ ಬೆಂಗಳೂರು ಜಿಪಿಒದಲ್ಲಿ (ಪ್ರಧಾನ ಅಂಚೆ ಕಚೇರಿ) ಸಂಗ್ರಾಹಕರಿಗಾಗಿಯೇ ಇರುವ ಫಿಲಾಟೆಲಿ ಬ್ಯೂರೋಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿಗೆ ಬರುವ ಹಿರಿಯ ಸಂಗ್ರಾಹಕರನ್ನು ಮಾತಾಡಿಸಿದರೆ ಅರ್ಧ ಗಂಟೆಯಲ್ಲಿ ಎಷ್ಟೋ ವಿಷಯ ತಿಳಿಯುತ್ತದೆ.

ಗೋಂದು, ತೂತು, ಅಂಚು

ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಮೇಜಿನ ಮೇಲೆ ಒಣ ಬಿಳಿ ಹಾಳೆ ಹಾಸಿ. ಶೀಟನ್ನು ಮುಖ ಕೆಳಗೆ ಮಾಡಿ ಇಡಿ. ಮಿನಿಯೇಚರ್ ಶೀಟ್ ಆದರೆ ಚಿಮುಟದಲ್ಲಿ ಹಿಡಿಯುವುದೇ ವಾಸಿ. ಬೆರಳಿನ ಬೆವರು ಗೋಂದಿನ ಮೇಲೆ ಗುರುತು ಬಿಡುತ್ತದೆ, ಆಮೇಲೆ ಅದು ಹೋಗುವುದಿಲ್ಲ.

ಈಗ ಕಿಟಕಿ ಬೆಳಕು ಓರೆಯಾಗಿ ಬೀಳುವಂತೆ ತಿರುಗಿಸಿ ನೋಡಿ. ಗೋಂದು ಸಮನಾಗಿ ಮಿನುಗಬೇಕು. ಎಲ್ಲಾದರೂ ಮಂಕಾಗಿದ್ದರೆ ಅಲ್ಲಿ ತೇವ ತಾಗಿದೆ ಎಂದರ್ಥ. ಅಡ್ಡ ಗೆರೆ ಕಂಡರೆ ಮಡಚಿದ ಗುರುತು. ಕಂದು ಬಣ್ಣದ ಸಣ್ಣ ಚುಕ್ಕೆಗಳು ಕಂಡರೆ ಅದನ್ನೇ ರಸ್ಟ್ ಅಥವಾ ಟೋನಿಂಗ್ ಅನ್ನುವುದು. ಮಂಗಳೂರು, ಉಡುಪಿ, ಕಾರವಾರದ ಕಡೆ ಮಳೆಗಾಲ ಕಳೆದ ಸಂಗ್ರಹಗಳಲ್ಲಿ ಇದು ತುಂಬ ಸಾಮಾನ್ಯ. ತೂತಿನ ಸಾಲುಗಳಲ್ಲಿ ಮೊದಲು ಶುರುವಾಗಿ ಮುಂಭಾಗಕ್ಕೂ ಹಬ್ಬುತ್ತದೆ. ಬ್ಲೀಚು, ನಿಂಬೆರಸ, ಕೆಮಿಕಲ್ ಯಾವುದನ್ನೂ ಹಚ್ಚಬೇಡಿ. ಕಲೆ ಹೋದರೂ ಗೋಂದು ಹೋಗುತ್ತದೆ. ಇದ್ದದ್ದು ಇದ್ದ ಹಾಗೆ ಮಾರಿ.

ಗೋಂದು ಮೂಲ ಸ್ಥಿತಿಯಲ್ಲಿದ್ದು, ಆಲ್ಬಮ್‌ಗೆ ಅಂಟಿಸುವ ಹಿಂಜ್ ಎಂಬ ಸಣ್ಣ ಕಾಗದದ ಪಟ್ಟಿ ಯಾವತ್ತೂ ತಾಗಿಲ್ಲದ ಸ್ಟ್ಯಾಂಪನ್ನು ಎಂಎನ್‌ಎಚ್ (MNH, ಮಿಂಟ್ ನೆವರ್ ಹಿಂಜ್ಡ್) ಅಂತ ಬರೆಯುತ್ತಾರೆ. ಈ ಮೂರು ಅಕ್ಷರಕ್ಕೆ ಮಾರುಕಟ್ಟೆಯಲ್ಲಿ ತೂಕ ಇದೆ. ಖಾತ್ರಿ ಇಲ್ಲದೆ ಬಳಸಬೇಡಿ. "ಬಳಸಿಲ್ಲ" ಅನ್ನುವುದೇ ಬೇರೆ, ಎಂಎನ್‌ಎಚ್ ಅನ್ನುವುದೇ ಬೇರೆ.

ಮುಂದಿನದು ತೂತಿನ ಸಾಲು, ಅಂದರೆ ಪರ್ಫೊರೇಶನ್. ಫುಲ್ ಶೀಟ್‌ಗಳನ್ನು ಹಿಂದೆ ಅಂಚೆ ಕಚೇರಿಯಲ್ಲೇ ನಡುವೆ ಮಡಚಿ ಕೊಟ್ಟಿರುವುದುಂಟು. ಆ ಮಡಿಕೆ ತೂತಿನ ಸಾಲಿನ ಮೇಲೇ ಬಿದ್ದಿರುತ್ತದೆ. ವರ್ಷಗಳ ನಂತರ ಬಿಡಿಸಿದರೆ ಅಲ್ಲೇ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಮಡಚಿದ ಶೀಟನ್ನು ಪದೇ ಪದೇ ತೆರೆದು ಮುಚ್ಚಬೇಡಿ. ಒಮ್ಮೆ ತೆರೆದು, ಎಲ್ಲ ಫೋಟೊ ತೆಗೆದು, ಅದೇ ಮಡಿಕೆಯಲ್ಲಿ ಮೆಲ್ಲಗೆ ವಾಪಸ್ ಇಡಿ. ಎಲ್ಲೆಲ್ಲಿ ಎಷ್ಟು ತೂತು ಬಿಟ್ಟಿದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಇದೇ ಚೀಟಿ ಆಮೇಲೆ ನಿಮ್ಮ ಲಿಸ್ಟಿಂಗ್‌ನ ವಿವರಣೆ ಆಗುತ್ತದೆ.

ಎರಡು ಶೀಟ್ ಒಂದಕ್ಕೊಂದು ಅಂಟಿಕೊಂಡಿದ್ದರೆ ಎಳೆಯಬೇಡಿ. ಹಬೆ ಹಿಡಿದು ಬಿಡಿಸಿದರೂ ಗೋಂದು ಮೊದಲಿನಂತೆ ಉಳಿಯುವುದಿಲ್ಲ. "ಅಂಟಿಕೊಂಡಿವೆ, ಹಾಗೇ ಮಾರುತ್ತಿದ್ದೇನೆ" ಅಂತ ಕಡಿಮೆ ಬೆಲೆಗೆ ಕೊಟ್ಟುಬಿಡಿ.

ಮಾರುವವರೆಗೆ ಶೀಟ್‌ಗಳ ನಡುವೆ ಗ್ಲಾಸಿನ್ (ತೆಳ್ಳಗಿನ ನುಣುಪು ಕಾಗದ) ಅಥವಾ ಬಟರ್ ಪೇಪರ್ ಇಡಿ. ಅಗ್ಗದ ಮೆತ್ತನೆ ಪಿವಿಸಿ ಕವರ್ ಬೇಡ, ಅದು ಕಾಲಕ್ರಮೇಣ ಬಣ್ಣವನ್ನು ಎಳೆದುಕೊಳ್ಳುತ್ತದೆ. ಫೈಲನ್ನು ಮಲಗಿಸಿ ಮೇಲೆ ಭಾರ ಹೇರಬೇಡಿ, ನಿಲ್ಲಿಸಿ ಇಡಿ. ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ.

ಬೆಲೆ: ಕನಸು ಕಾಣುವ ಮುನ್ನ

ಇಲ್ಲಿ ಸ್ವಲ್ಪ ನೇರವಾಗಿ ಹೇಳಬೇಕು. ಹಳೆಯದು ಎಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಎಪ್ಪತ್ತು, ಎಂಬತ್ತು, ತೊಂಬತ್ತರ ದಶಕದ ಎಷ್ಟೋ ಸ್ಮಾರಕ ಸ್ಟ್ಯಾಂಪ್‌ಗಳನ್ನು ಲಕ್ಷಗಟ್ಟಲೆ ಮುದ್ರಿಸಿದ್ದಾರೆ, ಎಷ್ಟೋ ಜನ ಫುಲ್ ಶೀಟ್ ಕೊಂಡು ಇಟ್ಟುಕೊಂಡಿದ್ದಾರೆ. ಅಂಥವು ಮುಖಬೆಲೆಯ ಆಸುಪಾಸಿನಲ್ಲೇ ಹೋಗುತ್ತವೆ. ಕೆಲವು ಅದಕ್ಕಿಂತಲೂ ಕಡಿಮೆಗೆ.

ಇನ್ನೊಂದು ಕಾರಣವೂ ಇದೆ, ಇದನ್ನು ಹೊಸಬರು ಯೋಚಿಸುವುದೇ ಇಲ್ಲ. ಸಾಮಾನ್ಯ ಸಂಗ್ರಾಹಕರಿಗೆ ಒಂದು ವಿನ್ಯಾಸದ ಒಂದೇ ಸ್ಟ್ಯಾಂಪ್ ಸಾಕು. ಹೆಚ್ಚೆಂದರೆ ನಾಲ್ಕರ ಬ್ಲಾಕ್, ಅಂದರೆ ಒಟ್ಟಿಗೇ ಇರುವ ನಾಲ್ಕು ಸ್ಟ್ಯಾಂಪ್. ಒಂದೇ ಸ್ಟ್ಯಾಂಪ್ ಹತ್ತಾರು ಇರುವ ಇಡೀ ಶೀಟ್ ಯಾರಿಗೆ ಬೇಕು? ಇಬ್ಬರಿಗೆ. ಬಿಡಿಸಿ ಮಾರುವ ಡೀಲರ್‌ಗೆ, ಮತ್ತು ಶೀಟ್‌ಗಳನ್ನೇ ಸಂಗ್ರಹಿಸುವ, ಅಂಚಿನ ಗುರುತುಗಳನ್ನು ಅಧ್ಯಯನ ಮಾಡುವ ಸಣ್ಣ ಗುಂಪಿಗೆ. ಡೀಲರ್ ತನ್ನ ಲಾಭಕ್ಕೆ ಜಾಗ ಇಟ್ಟುಕೊಂಡೇ ಬಿಡ್ ಮಾಡುತ್ತಾರೆ. ಹಾಗಾಗಿ ಬಿಡಿ ಸ್ಟ್ಯಾಂಪಿನ ಬೆಲೆಯನ್ನು ಶೀಟಿನಲ್ಲಿರುವ ಸಂಖ್ಯೆಯಿಂದ ಗುಣಿಸಿ ಲೆಕ್ಕ ಹಾಕಬೇಡಿ. ಆ ಲೆಕ್ಕ ಯಾವತ್ತೂ ನಿಜವಾಗುವುದಿಲ್ಲ.

ಮಿನಿಯೇಚರ್ ಶೀಟ್‌ನ ಕಥೆ ಬೇರೆ. ಅದನ್ನು ಪ್ರತಿಯೊಬ್ಬ ಸಂಗ್ರಾಹಕರೂ ಇಡಿಯಾಗಿಯೇ ಕೊಳ್ಳುತ್ತಾರೆ. ಹಾಗಾಗಿ ಹರಾಜಿನಲ್ಲಿ ಚುರುಕಾಗಿ ಓಡುವುದು ಅವೇ. ವಿಶೇಷ ವಸ್ತುಗಳಿಗೂ ಬೇಡಿಕೆ ಇದೆ. 2006ರ ಶ್ರೀಗಂಧದ ಸುವಾಸನೆಯ ಸ್ಟ್ಯಾಂಪ್, 2007ರ ಗುಲಾಬಿ, 2008ರ ಮಲ್ಲಿಗೆ, 2011ರ ಖಾದಿ ಬಟ್ಟೆಯ ಮೇಲೆ ಮುದ್ರಿಸಿದ ಗಾಂಧಿ ಸ್ಟ್ಯಾಂಪ್, 2017ರಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಕಾಫಿ ಪರಿಮಳದ ನೂರು ರೂಪಾಯಿ ಸ್ಟ್ಯಾಂಪ್. ಇವನ್ನು ಸ್ಟ್ಯಾಂಪ್ ಸಂಗ್ರಾಹಕರಲ್ಲದವರೂ ಉಡುಗೊರೆಗೆ ಅಂತ ಕೊಳ್ಳುತ್ತಾರೆ. ಕರ್ನಾಟಕದ ವಿಷಯ ಇದ್ದರೆ ಇಲ್ಲಿನ ಫೇಸ್‌ಬುಕ್, ವಾಟ್ಸಾಪ್ ಹರಾಜು ಗ್ರೂಪ್‌ಗಳಲ್ಲಿ ಪೈಪೋಟಿ ಜಾಸ್ತಿ. ಉದಾಹರಣೆಗೆ ಸರ್ ಎಂ. ವಿಶ್ವೇಶ್ವರಯ್ಯನವರ 1960ರ ಹದಿನೈದು ನಯಾ ಪೈಸೆ ಸ್ಟ್ಯಾಂಪ್. ಅವರ ನೂರನೇ ಹುಟ್ಟುಹಬ್ಬಕ್ಕೆ, ಅವರು ಬದುಕಿದ್ದಾಗಲೇ ಬಂದದ್ದು. ಅದರ ಒಳ್ಳೆಯ ಸ್ಥಿತಿಯ ಬ್ಲಾಕ್ ಅಥವಾ ಅಂಚಿರುವ ತುಂಡನ್ನು ಮಂಡ್ಯ, ಮೈಸೂರಿನವರು ಪ್ರೀತಿಯಿಂದ ಕೊಳ್ಳುತ್ತಾರೆ.

ಬೆಲೆ ತಿಳಿಯಲು ಒಂದೇ ನಂಬಿಕಸ್ಥ ದಾರಿ ಅಂದರೆ ಈಗಾಗಲೇ ಮಾರಾಟವಾದ ಬೆಲೆ ನೋಡುವುದು. ಇಬೇ ಎಂಬ ಅಂತರರಾಷ್ಟ್ರೀಯ ಮಾರಾಟ ಸೈಟ್‌ನಲ್ಲಿ ಹುಡುಕುವಾಗ ಮಾರಾಟವಾದವನ್ನು ಮಾತ್ರ ತೋರಿಸುವ ಫಿಲ್ಟರ್ ಇದೆ. ಅದನ್ನು ಒತ್ತಿ. ಮಾರಾಟಗಾರರು ಕೇಳುತ್ತಿರುವ ಬೆಲೆ ಏನೂ ಹೇಳುವುದಿಲ್ಲ. ಒಂದು ಸಾಧಾರಣ ಶೀಟಿಗೆ ಲಕ್ಷ ರೂಪಾಯಿ ಕೇಳುವವರು ಬೇಕಾದಷ್ಟು ಜನ ಇದ್ದಾರೆ, ಅದು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಸ್ಟಾನ್ಲಿ ಗಿಬ್ಬನ್ಸ್ ಎಂಬ ಬ್ರಿಟಿಷ್ ಸ್ಟ್ಯಾಂಪ್ ಕಂಪನಿಯ ಕ್ಯಾಟಲಾಗ್‌ನಲ್ಲಿ ನಿಮ್ಮ ಸ್ಟ್ಯಾಂಪಿಗಿರುವ ನಂಬರನ್ನು ಲಿಸ್ಟಿಂಗ್‌ನಲ್ಲಿ ಹಾಕಿ, ವಿದೇಶದ ಕೊಳ್ಳುಗರು ಅದನ್ನೇ ಹುಡುಕುತ್ತಾರೆ. ಆದರೆ ಕ್ಯಾಟಲಾಗ್ ಬೆಲೆ ಅಂಗಡಿಯವರು ಮಾರುವ ಬೆಲೆ, ಹರಾಜಿನಲ್ಲಿ ಅಷ್ಟು ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ.

ಮುದ್ರಣ ದೋಷದ ಶೀಟ್ ಸಿಕ್ಕಿದೆ ಅನಿಸಿದರೆ, ಅಂದರೆ ಒಂದು ಬಣ್ಣ ಬಿಟ್ಟುಹೋಗಿದೆ, ತೂತೇ ಬಿದ್ದಿಲ್ಲ, ತೂತು ಪಕ್ಕಕ್ಕೆ ಸರಿದಿದೆ ಎಂಬಂಥವು, ಆತುರ ಮಾಡಬೇಡಿ. ಬಿಸಿಲಿಗೂ ಬಣ್ಣ ಮಾಸುತ್ತದೆ. ತೂತಿಲ್ಲದ ನಕಲಿಗಳೂ ಓಡಾಡುತ್ತಿವೆ. ದೊಡ್ಡ ಬೆಲೆ ಕೇಳುವುದಾದರೆ ತಜ್ಞರ ಪ್ರಮಾಣಪತ್ರ ಬೇಕೇ ಬೇಕು. ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯ ಪ್ರಮಾಣಪತ್ರವನ್ನು ಜಗತ್ತಿನ ಎಲ್ಲ ಕಡೆ ಒಪ್ಪುತ್ತಾರೆ. 1948ರ ಹತ್ತು ರೂಪಾಯಿಯ ಗಾಂಧಿ ಸ್ಟ್ಯಾಂಪಿಗಂತೂ ಈ ಮಾತು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಅದರ ನಕಲಿಗಳು ಎಷ್ಟಿವೆ ಅಂದರೆ, ಪ್ರಮಾಣಪತ್ರ ಇಲ್ಲದೆ ಮಾರಲು ಹೊರಟರೆ ಅಸಲಿಯನ್ನೂ ನಂಬುವುದಿಲ್ಲ.

ಇಡಿಯಾಗಿ ಮಾರಬೇಕೋ, ಬಿಡಿಸಬೇಕೋ?

ಹರಿದ ಶೀಟನ್ನು ಮತ್ತೆ ಜೋಡಿಸಲು ಆಗುವುದಿಲ್ಲ. ಅದಕ್ಕೇ ನನ್ನ ಸಲಹೆ: ಮೊದಲು ಇಡಿಯಾಗಿ ಹರಾಜಿಗಿಡಿ. ಎರಡು ಸಲ ಇಟ್ಟರೂ ಯಾರೂ ಬರಲಿಲ್ಲ ಅಂದರೆ ಮಾತ್ರ ಬಿಡಿಸುವ ಯೋಚನೆ ಮಾಡಿ. ಅಂಚು ಪೂರ್ತಿ ಇರುವ, ಮಡಚದ, ಗೋಂದು ಶುದ್ಧ ಇರುವ ಅರವತ್ತರ ದಶಕದ ಶೀಟನ್ನಂತೂ ಯಾವ ಕಾರಣಕ್ಕೂ ಬಿಡಿಸಬೇಡಿ. ಅವು ದಿನೇ ದಿನೇ ಕಡಿಮೆಯಾಗುತ್ತಿವೆ.

ಬಿಡಿಸಲೇಬೇಕಾದರೆ ಒಂದೊಂದಾಗಿ ಹರಿಯಬೇಡಿ. ನಾಲ್ಕು ಮೂಲೆಗಳಿಂದ ಅಂಚು ಸಮೇತ ನಾಲ್ಕರ ಬ್ಲಾಕ್ ತೆಗೆಯಿರಿ. ಟ್ರಾಫಿಕ್ ಲೈಟ್ ಇರುವ ಬ್ಲಾಕನ್ನು ಪ್ರತ್ಯೇಕ ಲಾಟ್ (ಹರಾಜಿಗಿಡುವ ಒಂದು ಕಟ್ಟು) ಮಾಡಿ, ಅದಕ್ಕೆ ಬೇರೆಯೇ ಗಿರಾಕಿ ಇದ್ದಾರೆ. ನಡುವಿನದನ್ನು ನಾಲ್ಕು ನಾಲ್ಕಾಗಿ ಮಾಡಿ. ಹರಿಯುವ ಮುಂಚೆ ತೂತಿನ ಸಾಲಿನ ಮೇಲೆ ಒಮ್ಮೆ ಹಿಂದೆ, ಒಮ್ಮೆ ಮುಂದೆ ಮೆಲ್ಲಗೆ ಮಡಚಿ, ಆಮೇಲೆ ನಿಧಾನಕ್ಕೆ ಬಿಡಿಸಿ. ಕತ್ತರಿ ಹಾಕಬೇಡಿ. ಕತ್ತರಿಸಿದ ಅಂಚಿನ ಸ್ಟ್ಯಾಂಪನ್ನು ಸಂಗ್ರಾಹಕರು ಹಾಳಾದದ್ದು ಅಂತಲೇ ನೋಡುತ್ತಾರೆ. ಎರಡು ಬೇರೆ ವಿನ್ಯಾಸ ಅಂಟಿಕೊಂಡು ಬಂದಿರುವ ಸೆ-ಟೆನೆಂಟ್ ಜೋಡಿಯನ್ನು ಯಾವತ್ತೂ ಬೇರೆ ಮಾಡಬೇಡಿ.

ಎಲ್ಲಿ ಇಡುವುದು?

ನಮ್ಮಲ್ಲಿ ಸ್ಟ್ಯಾಂಪ್ ಹರಾಜು ಬಹುಪಾಲು ನಡೆಯುವುದು ಫೇಸ್‌ಬುಕ್ ಮತ್ತು ವಾಟ್ಸಾಪ್ ಗ್ರೂಪ್‌ಗಳಲ್ಲಿ. ಒಬ್ಬರು ಅಡ್ಮಿನ್ ಇರುತ್ತಾರೆ. ಮಾರುವವರು ಫೋಟೊ, ಮೂಲ ಬೆಲೆ, ಎಷ್ಟೆಷ್ಟು ಏರಿಸಬೇಕು, ಮುಗಿಯುವ ಸಮಯ ಹಾಕುತ್ತಾರೆ. ಕೊಳ್ಳುವವರು ಕೆಳಗೆ ಬೆಲೆ ಬರೆಯುತ್ತಾ ಹೋಗುತ್ತಾರೆ. ಕಮಿಷನ್ ಇಲ್ಲ, ಅಥವಾ ಅಲ್ಪ. ಸಣ್ಣ ಬೆಲೆಯ ಶೀಟ್‌ಗಳಿಗೆ ಇದೇ ಸರಿಯಾದ ಜಾಗ. ಆದರೆ ಇಲ್ಲಿ ನಿಮ್ಮನ್ನು ರಕ್ಷಿಸುವ ನಿಯಮ ಏನೂ ಇಲ್ಲ, ಹೆಸರೇ ಬಂಡವಾಳ. ಸೇರಿದ ಕೂಡಲೇ ಮಾರಬೇಡಿ. ಸ್ವಲ್ಪ ಕಾಲ ಸುಮ್ನೆ ನೋಡಿ. ಯಾರು ಸರಿಯಾಗಿ ದುಡ್ಡು ಹಾಕುತ್ತಾರೆ, ಯಾವುದು ಎಷ್ಟಕ್ಕೆ ಹೋಗುತ್ತದೆ, ಎಲ್ಲವೂ ಗೊತ್ತಾಗುತ್ತದೆ. ಒಂದೆರಡು ಲಾಟ್ ನೀವೂ ಕೊಳ್ಳಿ. ಕೊಂಡವರನ್ನು ಗ್ರೂಪ್ ಬೇಗ ನಂಬುತ್ತದೆ.

ವಿದೇಶದ ಗಿರಾಕಿ ಬೇಕಾದರೆ ಇಬೇ ಮತ್ತು ಡೆಲ್‌ಕ್ಯಾಂಪ್ ಇವೆ. ಭಾರತದ ಇಬೇ ಸೈಟ್ 2018ರಲ್ಲಿ ಮುಚ್ಚಿತು, ಆದರೆ ಇಲ್ಲಿಂದ ಹೊರದೇಶಗಳಿಗೆ ಮಾರಲು ಅವಕಾಶ ಉಂಟು. ಡೆಲ್‌ಕ್ಯಾಂಪ್ ಬೆಲ್ಜಿಯಂ ಮೂಲದ್ದು, ಸ್ಟ್ಯಾಂಪ್, ನಾಣ್ಯ, ಪೋಸ್ಟ್‌ಕಾರ್ಡ್ ಸಂಗ್ರಾಹಕರಿಗಾಗಿಯೇ ಇರುವುದು, ಯುರೋಪಿನವರು ಜಾಸ್ತಿ. ರೈಲು, ಪಕ್ಷಿ, ಚಿಟ್ಟೆ, ಗಾಂಧಿ ಇಂಥ ವಿಷಯದ ಮಿನಿಯೇಚರ್ ಶೀಟ್‌ಗಳನ್ನು ಅಲ್ಲಿಗೆ ಮೀಸಲಿಡಿ. ಸಾಧಾರಣ ಫುಲ್ ಶೀಟನ್ನು ಅಲ್ಲಿ ಇಟ್ಟರೆ ಅಂಚೆ ಖರ್ಚೇ ಅದರ ಬೆಲೆ ಮೀರುತ್ತದೆ.

ಫೋಟೊ

ಮಿನಿಯೇಚರ್ ಶೀಟಿಗೆ ಸ್ಕ್ಯಾನರ್ ಉತ್ತಮ. 300 ಡಿಪಿಐ ಸಾಕು, ದೋಷವನ್ನು ತೋರಿಸಬೇಕಾದಾಗ 600. ಸ್ಕ್ಯಾನರ್ ಗಾಜು ಒಣಗಿರಲಿ, ಹಿಂದೆ ಕಪ್ಪು ಹಾಳೆ ಇಡಿ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಂಚಿನ ತೂತುಗಳು ಕಾಣುವುದೇ ಇಲ್ಲ.

ಫುಲ್ ಶೀಟ್ ಬಹುಪಾಲು ಎ4ಗಿಂತ ದೊಡ್ಡದು. ಸ್ಕ್ಯಾನರ್‌ಗೆ ಹೊಂದಿಸಲು ಅಂತ ಮಡಚಬೇಡಿ. ನೆಲದ ಮೇಲೆ ಕಪ್ಪು ಚಾರ್ಟ್ ಹಾಳೆ ಹಾಸಿ, ಅದರ ಮೇಲೆ ಶೀಟ್ ಇಟ್ಟು, ಕಿಟಕಿ ಪಕ್ಕದಲ್ಲಿ ನಿಂತು ಮೊಬೈಲನ್ನು ನೇರ ಮೇಲಿನಿಂದ ಹಿಡಿಯಿರಿ. ನೇರ ಬಿಸಿಲು ಬೇಡ, ಫ್ಲ್ಯಾಶ್ ಬೇಡ. ಬಣ್ಣ ಹೆಚ್ಚಿಸುವ ಫಿಲ್ಟರ್ ಎಲ್ಲ ಆಫ್ ಮಾಡಿ. ಮುಂಭಾಗ ಪೂರ್ತಿ ಒಂದು, ಹಿಂಭಾಗ ಪೂರ್ತಿ ಒಂದು, ನಾಲ್ಕು ಮೂಲೆಗಳ ಹತ್ತಿರದ ಫೋಟೊ, ಟ್ರಾಫಿಕ್ ಲೈಟ್ ಇರುವ ಅಂಚು, ಮತ್ತು ಪ್ರತಿ ದೋಷದ ಒಂದು ಫೋಟೊ. ಗೋಂದಿಗೆ ಓರೆ ಬೆಳಕಿನದು ಒಂದು ಇರಲೇಬೇಕು, ನೇರ ಬೆಳಕಿನಲ್ಲಿ ಮಡಿಕೆ ಮರೆಯಾಗುತ್ತದೆ.

ಶೀಟ್ ಪ್ಲಾಸ್ಟಿಕ್ ಕವರ್ ಒಳಗಿರುವಾಗ ಫೋಟೊ ತೆಗೆದರೆ ಮಿಂಚು ಬಿದ್ದು ಏನೂ ಗೊತ್ತಾಗುವುದಿಲ್ಲ. ಹೊರಗೆ ತೆಗೆಯಿರಿ. ಸುವಾಸನೆಯ ಸ್ಟ್ಯಾಂಪ್ ಆದರೆ ಫೋಟೊ ಮುಗಿದ ತಕ್ಷಣ ಕವರ್ ಒಳಗೆ ಹಾಕಿಬಿಡಿ. ವಾಸನೆ ಬರುತ್ತದಾ ಅಂತ ಉಜ್ಜಿ ನೋಡುವುದು ಬೇಡ, ಉಜ್ಜಿದಷ್ಟೂ ಪರಿಮಳದ ಲೇಪ ಖರ್ಚಾಗುತ್ತದೆ.

ನಿಮ್ಮ ಫೋಟೊ ಕದ್ದು ಬೇರೆಯವರು ಮಾರಾಟಕ್ಕೆ ಹಾಕುವುದೂ ನಡೆಯುತ್ತದೆ. ಶೀಟ್ ಪಕ್ಕದಲ್ಲಿ ನಿಮ್ಮ ಹೆಸರು ಮತ್ತು ಆ ದಿನದ ತಾರೀಖು ಬರೆದ ಚೀಟಿ ಇಟ್ಟು ಒಂದು ಫೋಟೊ ತೆಗೆದರೆ ಸಾಕು. ಶೀಟ್ ನಿಮ್ಮ ಕೈಯಲ್ಲೇ ಇದೆ ಅಂತ ಕೊಳ್ಳುವವರಿಗೂ ಧೈರ್ಯ.

ವಿವರಣೆ ಬರೆಯುವುದು

ಚಿಕ್ಕದಾಗಿ, ದೋಷ ಮೊದಲು. ಒಂದು ಮಾದರಿ ಕೊಡುತ್ತೇನೆ:

"ಭಾರತ, 2007. ಗುಲಾಬಿ ಸುವಾಸನೆಯ ಮಿನಿಯೇಚರ್ ಶೀಟ್, ಒಂದು. ಎಂಎನ್‌ಎಚ್. ಕೆಳಗಿನ ಬಲ ಮೂಲೆಯಲ್ಲಿ ಸಣ್ಣ ಬಾಗು, ಸ್ಟ್ಯಾಂಪಿಗೆ ತಾಗಿಲ್ಲ, 5ನೇ ಫೋಟೊ ನೋಡಿ. ಹಿಂದೆ ಕಲೆ ಇಲ್ಲ. ಪರಿಮಳ ಎಷ್ಟು ಉಳಿದಿದೆ ಎಂಬುದಕ್ಕೆ ಗ್ಯಾರಂಟಿ ಇಲ್ಲ. ಮೂಲ ಬೆಲೆ ಇಷ್ಟು, ಏರಿಕೆ 10 ರೂಪಾಯಿ. ಭಾನುವಾರ ರಾತ್ರಿ 9:30ಕ್ಕೆ ಮುಗಿಯುತ್ತದೆ. ಕೊನೆಯ 5 ನಿಮಿಷದಲ್ಲಿ ಬಿಡ್ ಬಂದರೆ ಇನ್ನು 5 ನಿಮಿಷ ಮುಂದುವರಿಯುತ್ತದೆ. ಅಂಚೆ ಖರ್ಚು ಬೇರೆ. ಗೆದ್ದವರು 3 ದಿನದಲ್ಲಿ ಹಣ ಹಾಕಬೇಕು."

ಇಷ್ಟೇ. "ಅಪರೂಪ", "ಸಿಗುವುದೇ ಇಲ್ಲ", "ಮುಂದೆ ಲಕ್ಷ ಆಗುತ್ತೆ" ಅಂತೆಲ್ಲ ಬರೆಯಬೇಡಿ. ಬಲ್ಲವರಿಗೆ ಯಾವುದು ಅಪರೂಪ ಅಂತ ಗೊತ್ತು. ಅರಿಯದವರನ್ನು ಆಸೆ ತೋರಿಸಿ ಕೊಳ್ಳುವಂತೆ ಮಾಡುವುದು ತಪ್ಪು. ಹೀಗೆ ದುಬಾರಿಗೆ ಕೊಂಡು ಮನಸ್ಸು ಮುರಿದು ಈ ಹವ್ಯಾಸವನ್ನೇ ಬಿಟ್ಟವರಿದ್ದಾರೆ. ಒಬ್ಬ ಹುಡುಗ ಸಂಗ್ರಹ ಬಿಟ್ಟರೆ ನಮ್ಮೆಲ್ಲರಿಗೂ ನಷ್ಟ.

ಮೂಲ ಬೆಲೆ ಮತ್ತು ಸಮಯ

ಒಂದು ರೂಪಾಯಿಯಿಂದ ಶುರು ಮಾಡಿದರೆ ಜನ ಮುಗಿಬೀಳುತ್ತಾರೆ ಅನ್ನುವ ಮಾತಿದೆ. ಬೇಕು ಅನ್ನುವವರು ಕನಿಷ್ಠ ಇಬ್ಬರಿದ್ದಾಗ ಮಾತ್ರ ಅದು ನಿಜ. ಬೇಡಿಕೆ ಇರುವ ಮಿನಿಯೇಚರ್ ಶೀಟನ್ನು ಕಡಿಮೆಯಿಂದ ಶುರು ಮಾಡಿ, ಪೈಪೋಟಿಯೇ ಏರಿಸುತ್ತದೆ. ಫುಲ್ ಶೀಟಿಗೆ ಹಾಗೆ ಮಾಡಬೇಡಿ. ಒಬ್ಬರೇ ಬಂದರೆ ಒಂದು ರೂಪಾಯಿಗೇ ಕೊಡಬೇಕಾಗುತ್ತದೆ. "ಇದಕ್ಕಿಂತ ಕಡಿಮೆಗೆ ಕೊಟ್ಟರೆ ನನಗೆ ಬೇಜಾರಾಗುತ್ತದೆ" ಅನ್ನುವ ಮೊತ್ತ ಯಾವುದೋ ಅದನ್ನೇ ಮೂಲ ಬೆಲೆ ಮಾಡಿ.

ಕಡಿಮೆಗೆ ಹೋಯಿತು ಅಂತ ಹರಾಜು ಮುಗಿದ ಮೇಲೆ "ಸಾರಿ, ಶೀಟ್ ಹರಿದುಹೋಯ್ತು" ಅನ್ನುವುದು ಈ ವಲಯದಲ್ಲಿ ಯಾರೂ ಕ್ಷಮಿಸದ ಕೆಲಸ. ಹಾಗೆಯೇ ಗೆಳೆಯನಿಗೆ ಹೇಳಿ ಸುಳ್ಳು ಬಿಡ್ ಹಾಕಿಸಿ ಬೆಲೆ ಏರಿಸುವುದು. ಇಬೇಯಲ್ಲಿ ಅದಕ್ಕೆ ನಿಷೇಧವಿದೆ, ಖಾತೆಯೇ ಹೋಗಬಹುದು. ಗ್ರೂಪ್‌ಗಳಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಒಂದು ವಾರದಲ್ಲಿ ಸುದ್ದಿ ಹರಡುತ್ತದೆ.

ಸಮಯದ ಬಗ್ಗೆ: ನಮ್ಮ ಗ್ರೂಪ್‌ಗಳಿಗೆ ಭಾನುವಾರ ರಾತ್ರಿ ಊಟದ ನಂತರದ ಹೊತ್ತು ಒಳ್ಳೆಯದು. ಕ್ರಿಕೆಟ್ ಫೈನಲ್ ಇರುವ ರಾತ್ರಿ ಬೇಡ, ಹಬ್ಬದ ದಿನ ಬೇಡ. ತಿಂಗಳ ಮೊದಲ ವಾರ ಕೈಯಲ್ಲಿ ದುಡ್ಡಿರುತ್ತದೆ. ಇಬೇಯಲ್ಲಿ ಏಳು ದಿನದ ಹರಾಜು ಇಡಿ, ಆಗ ಒಂದು ವಾರಾಂತ್ಯ ಸಿಕ್ಕೇ ಸಿಗುತ್ತದೆ. ಅಮೆರಿಕದ ಪೂರ್ವ ಭಾಗದಲ್ಲಿ ಭಾನುವಾರ ರಾತ್ರಿ 9 ಗಂಟೆ ಅಂದರೆ ನಮಗೆ ಸೋಮವಾರ ಬೆಳಗ್ಗೆ 6:30, ಚಳಿಗಾಲದಲ್ಲಿ 7:30. ಹರಾಜು ನೀವು ಶುರು ಮಾಡಿದ ಹೊತ್ತಿಗೇ, ಏಳು ದಿನ ಕಳೆದು ಮುಗಿಯುತ್ತದೆ. ಹಾಗಾಗಿ ಸೋಮವಾರ ಬೆಳಗ್ಗೆ ಕಾಫಿ ಕುಡಿಯುತ್ತಾ ಲಿಸ್ಟಿಂಗ್ ಹಾಕುವುದೇ ಸರಿ. ಇಬೇಯಲ್ಲಿ ಕೊಳ್ಳುವವರು ತಮ್ಮ ಗರಿಷ್ಠ ಮೊತ್ತವನ್ನು ಮೊದಲೇ ಕೊಟ್ಟಿರುತ್ತಾರೆ, ಎದುರಾಳಿ ಬಂದಂತೆ ಸಿಸ್ಟಮ್ ತಾನೇ ಏರಿಸುತ್ತದೆ. ಕೊನೆಯ ಕೆಲವು ಸೆಕೆಂಡಿನಲ್ಲಿ ಬಿಡ್ ಹಾಕುವವರೂ ಬಹಳ. ಕೊನೆ ದಿನದವರೆಗೆ ಬಿಡ್ ಬರಲಿಲ್ಲ ಅಂತ ಗಾಬರಿಯಾಗಿ ಹರಾಜು ನಿಲ್ಲಿಸಬೇಡಿ.

ಹಣ

ಹಣ ಬರದೆ ಶೀಟ್ ಕಳಿಸಬೇಡಿ. ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಬ್ಯಾಂಕ್ ಖಾತೆಯನ್ನೇ ತೆರೆದು ನೋಡಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಹಾಕಬೇಕಾಗಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗಿಲ್ಲ. "ಮೇಡಂ, ಇದನ್ನು ಸ್ಕ್ಯಾನ್ ಮಾಡಿ, ದುಡ್ಡು ನಿಮಗೆ ಬರುತ್ತೆ" ಅಂದರೆ ಅದು ಮೋಸವೇ. "ತಪ್ಪಾಗಿ ಜಾಸ್ತಿ ಹಾಕಿದೆ, ಉಳಿದದ್ದು ವಾಪಸ್ ಕಳಿಸಿ" ಅನ್ನುವುದೂ ಅದೇ ಜಾತಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಇಬೇಯಲ್ಲಿ ಭಾರತೀಯ ಮಾರಾಟಗಾರರಿಗೆ ಹಣ ಪೇಯೋನಿಯರ್ ಎಂಬ ಪಾವತಿ ಸಂಸ್ಥೆಯ ಮೂಲಕ ಬರುತ್ತದೆ. ಇಬೇಯ ಶುಲ್ಕವನ್ನು ಶೀಟಿನ ಬೆಲೆಯ ಮೇಲೆ ಮಾತ್ರವಲ್ಲ, ಅಂಚೆ ಖರ್ಚು ಸೇರಿಸಿದ ಮೊತ್ತದ ಮೇಲೆ ಹಾಕುತ್ತಾರೆ. ಮೂಲ ಬೆಲೆ ಇಡುವಾಗಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮಾರಾಟ ನಿಯಮಿತವಾದರೆ ಜಿಎಸ್‌ಟಿ, ಆದಾಯ ತೆರಿಗೆ ವಿಷಯ ನಿಮ್ಮ ಆಡಿಟರ್ ಹತ್ತಿರ ಒಮ್ಮೆ ಮಾತಾಡಿ.

ಪ್ಯಾಕಿಂಗ್

ಶೀಟನ್ನು ಯಾವ ಕಾರಣಕ್ಕೂ ಸುರುಳಿ ಸುತ್ತಿ ಕೊಳವೆಯಲ್ಲಿ ಕಳಿಸಬೇಡಿ. ಗೋಂದು ಬಿರುಕು ಬಿಡುತ್ತದೆ. ಚಪ್ಪಟೆಯಾಗಿಯೇ ಹೋಗಬೇಕು.

ಮೊದಲು ಗ್ಲಾಸಿನ್ ಅಥವಾ ಬಟರ್ ಪೇಪರ್, ಆಮೇಲೆ ಪಾರದರ್ಶಕ ಕವರ್. ಅದರ ಬಾಯಿಯನ್ನು ಟೇಪಿನಿಂದ ಪೂರ್ತಿ ಬಿಗಿಯಬೇಡಿ. ಕೊಂಡವರು ತೆಗೆಯುವಾಗ ಟೇಪು ಶೀಟಿಗೇ ಅಂಟಿಕೊಳ್ಳುವುದು ತುಂಬ ನೋಡಿರುವ ಅನಾಹುತ. ರಟ್ಟಿನ ಡಬ್ಬಿಯಿಂದ ಎರಡು ಹಲಗೆ ಕತ್ತರಿಸಿಕೊಳ್ಳಿ, ಶೀಟಿಗಿಂತ ಎಲ್ಲ ಕಡೆ ಎರಡು ಬೆರಳು ದೊಡ್ಡದಿರಲಿ. ಒಂದರ ಗೆರೆ ಉದ್ದಕ್ಕೆ, ಇನ್ನೊಂದರ ಗೆರೆ ಅಡ್ಡಕ್ಕೆ ಬರುವ ಹಾಗೆ ಇಟ್ಟರೆ ಬಗ್ಗಿಸಲು ಆಗುವುದಿಲ್ಲ. ನಡುವೆ ಶೀಟ್ ಇಟ್ಟು ರಟ್ಟಿನ ನಾಲ್ಕೂ ಕಡೆ ಟೇಪು ಹಾಕಿ. ಮೇಲೆ ನೀರು ಹೋಗದ ಪ್ಲಾಸ್ಟಿಕ್, ಆಮೇಲೆ ಗಟ್ಟಿ ಲಕೋಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಲಾಸ್ಟಿಕ್ ಎರಡು ಪದರ ಇರಲಿ. ಹೊರಗೆ "ಬಗ್ಗಿಸಬೇಡಿ" ಅಂತ ದೊಡ್ಡದಾಗಿ ಬರೆಯಿರಿ. ಒಳಗೆ ಬೆಲೆಬಾಳುವ ಸ್ಟ್ಯಾಂಪ್ ಇದೆ ಅಂತ ಬರೆಯಬೇಡಿ. ದುಬಾರಿ ಲಾಟ್ ಆದರೆ ಪ್ಯಾಕ್ ಮಾಡುವುದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ.

ದೇಶದೊಳಗೆ ಸ್ಪೀಡ್ ಪೋಸ್ಟ್ ಸಾಕು. ಹಿಂದೆ ನಾವೆಲ್ಲ ರಿಜಿಸ್ಟರ್ಡ್ ಪೋಸ್ಟ್ ಮಾಡುತ್ತಿದ್ದೆವು. 2025ರಲ್ಲಿ ಅದು ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಹೆಸರಿನವರ ಕೈಗೇ ತಲುಪಬೇಕು ಅಂದರೆ ಸ್ಪೀಡ್ ಪೋಸ್ಟ್ ಮಾಡುವಾಗ ರಿಜಿಸ್ಟ್ರೇಶನ್ ಸೌಲಭ್ಯ ಕೇಳಿ ಪಡೆಯಿರಿ, ಒಟಿಪಿ ಕೊಟ್ಟರೆ ಮಾತ್ರ ವಿತರಿಸುವ ಸೌಲಭ್ಯವೂ ಇದೆ. ಟ್ರ್ಯಾಕಿಂಗ್ ನಂಬರನ್ನು ಅದೇ ದಿನ ಕೊಂಡವರಿಗೆ ಕಳಿಸಿ.

ಒಂದೇ ಗ್ರೂಪಿನಲ್ಲಿ ಪದೇ ಪದೇ ಕೊಳ್ಳುವವರು "ಹೋಲ್ಡ್ ಮಾಡಿ, ಎಲ್ಲ ಸೇರಿಸಿ ಕಳಿಸಿ ಅಣ್ಣಾ" ಅನ್ನುತ್ತಾರೆ. ಒಪ್ಪಿಕೊಳ್ಳಿ, ಅವರಿಗೆ ಅಂಚೆ ಖರ್ಚು ಉಳಿಯುತ್ತದೆ. ಆದರೆ ಹಣ ಆಗಿಂದಾಗ ಪಡೆಯಿರಿ. ಹೆಸರು ಬರೆದ ಬೇರೆ ಬೇರೆ ಲಕೋಟೆಯಲ್ಲಿ ಇಡಿ.

ಹೊರದೇಶಕ್ಕೆ ಕಳಿಸುವಾಗ

ವ್ಯಾಪಾರವಾಗಿ ರಫ್ತು ಮಾಡಲು ಐಇಸಿ (ಆಮದು-ರಫ್ತುದಾರರ ಕೋಡ್) ಬೇಕು, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಬಹುದು. ಅಂಚೆ ಮೂಲಕ ರಫ್ತಿಗೆ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ಎಂಬ ಫಾರಂ ತುಂಬಬೇಕು. ಇದಕ್ಕೆ ನೆರವಾಗಲೆಂದೇ ಅಂಚೆ ಇಲಾಖೆ ಡಾಕ್ ಘರ್ ನಿರ್ಯಾತ್ ಕೇಂದ್ರಗಳನ್ನು ತೆರೆದಿದೆ. ಮೊದಲ ಸಲ ಹೋದಾಗ ಅಲ್ಲಿನ ಸಿಬ್ಬಂದಿ ಕೂರಿಸಿಕೊಂಡು ಹೇಳಿಕೊಟ್ಟರೆ ಮುಂದಿನದು ಸಲೀಸು. ಕಸ್ಟಮ್ಸ್ ಫಾರಂನಲ್ಲಿ ನಿಜವಾದ ಬೆಲೆಯನ್ನೇ ಬರೆಯಿರಿ. ಕೊಂಡವರು "ಗಿಫ್ಟ್ ಅಂತ ಹಾಕಿ" ಅಂದರೂ ಬೇಡ.

ನೂರು ವರ್ಷ ದಾಟಿದ ವಸ್ತು ಕೈಯಲ್ಲಿದ್ದರೆ ಇನ್ನೊಂದು ಎಚ್ಚರ. 1972ರ ಪ್ರಾಚ್ಯವಸ್ತು ಕಾಯ್ದೆ ಅಂಥ ಐತಿಹಾಸಿಕ ವಸ್ತುಗಳನ್ನು ಹೊರಗೆ ಕಳಿಸಲು ಬಿಡುವುದಿಲ್ಲ. ನಿಮ್ಮ ಶೀಟ್ ಆ ಕಾಯ್ದೆಗೆ ಬರುತ್ತದೋ ಇಲ್ಲವೋ ಎಂಬ ಅನುಮಾನ ಇದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯಿಂದ ಪ್ರಾಚ್ಯವಸ್ತು ಅಲ್ಲ ಎಂಬ ಪ್ರಮಾಣಪತ್ರ ಪಡೆದೇ ಮುಂದುವರಿಯಿರಿ. ಅಷ್ಟು ತಲೆನೋವು ಬೇಡ ಅನಿಸಿದರೆ ದೇಶದೊಳಗೇ ಮಾರಿ.

ತಲುಪಿದ ಮೇಲೆ, ಮತ್ತು ಉಳಿದವು

ಶೀಟ್ ತಲುಪಿ "ನೀವು ಹೇಳದ ಕಲೆ ಇದೆ" ಅಂತ ದೂರು ಬಂದರೆ ಮೊದಲು ಫೋಟೊ ಕೇಳಿ, ನಿಮ್ಮ ಫೋಟೊಗೆ ಹೋಲಿಸಿ. ನಿಮ್ಮ ಕಣ್ತಪ್ಪಿನಿಂದ ಬಿಟ್ಟುಹೋಗಿದ್ದರೆ ವಾಪಸ್ ತೆಗೆದುಕೊಂಡು ಎರಡೂ ಕಡೆಯ ಅಂಚೆ ಖರ್ಚು ನೀವೇ ಕೊಡಿ. ನೂರಿನ್ನೂರು ರೂಪಾಯಿ ಹೋಗುತ್ತದೆ. ಆ ಗಿರಾಕಿ ಮಾತ್ರ ಮುಂದೆ ಹತ್ತು ಜನರಿಗೆ ನಿಮ್ಮ ಹೆಸರು ಹೇಳುತ್ತಾರೆ.

ಎರಡು ಸಲ ಇಟ್ಟರೂ ಹೋಗದ ಶೀಟ್‌ಗಳನ್ನು ಮೂರನೇ ಸಲ ಅದೇ ಗ್ರೂಪಿನಲ್ಲಿ ತೋರಿಸಬೇಡಿ, ಹಳಸಲು ಮಾಲು ಅನ್ನುವ ಭಾವನೆ ಬರುತ್ತದೆ. ಕೆಲವು ತಿಂಗಳು ಬಿಟ್ಟು ಬೇರೆ ಕಡೆ ಇಡಿ, ಅಥವಾ ಒಂದೇ ವಿಷಯದ ನಾಲ್ಕೈದು ಶೀಟ್ ಸೇರಿಸಿ ಒಂದು ಲಾಟ್ ಮಾಡಿ. ಪಕ್ಷಿಗಳದ್ದೆಲ್ಲ ಒಂದು, ರೈಲಿನದ್ದೆಲ್ಲ ಒಂದು. ಶಾಲೆಯ ಸ್ಟ್ಯಾಂಪ್ ಕ್ಲಬ್‌ಗಳಿಗೆ ಇಂಥ ಲಾಟ್ ಬೇಕಾಗಿರುತ್ತದೆ.

ಅದೂ ಆಗದ, ಕಲೆ ಬಿದ್ದ, ಅಂಚು ಹೋದ ರೂಪಾಯಿ-ಪೈಸೆ ಕಾಲದ ಸಾಧಾರಣ ಶೀಟ್‌ಗಳಿದ್ದರೆ ಅವನ್ನು ಅಂಚೆಗೇ ಬಳಸಿ. ಹರಾಜಿನ ಪಾರ್ಸೆಲ್ ಕಳಿಸುವಾಗ ಕೌಂಟರ್‌ನಲ್ಲಿ ಮೊದಲೇ ಹೇಳಿ, ಲಕೋಟೆಗೆ ಬಣ್ಣಬಣ್ಣದ ಸ್ಮಾರಕ ಸ್ಟ್ಯಾಂಪ್ ಹಚ್ಚಿ, ಮುದ್ರೆಯನ್ನು ಸ್ಪಷ್ಟವಾಗಿ, ದುಂಡಗೆ ಒತ್ತಲು ವಿನಂತಿಸಿ. ಮುಖಬೆಲೆ ಪೂರ್ತಿ ವಸೂಲಾಗುತ್ತದೆ. ಕೊಂಡವರು ಆ ಲಕೋಟೆಯನ್ನೂ ಎತ್ತಿಡುತ್ತಾರೆ.